ಚಿಕಿತ್ಸೆ ಮುಗಿದ ಮೇಲೆ ಕೇಳದೇ ಉಳಿಯುವ ಪ್ರಶ್ನೆ

ಮುಂಬಯಿಯ ಪರೇಲ್, ದಾದರ್ ಸುತ್ತಮುತ್ತಲಿನ ಧರ್ಮಶಾಲೆಗಳಲ್ಲಿ ಕ್ಯಾನ್ಸರ್ ಚಿಕಿತ್ಸೆಗೆಂದು ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಬಂದ ಎಳೆಯ ದಂಪತಿಗಳು ತಿಂಗಳುಗಟ್ಟಲೆ ಉಳಿದಿರುತ್ತಾರೆ. ಡೊಂಬಿವಲಿ, ಥಾಣೆ, ನವಿ ಮುಂಬಯಿಯ ನಮ್ಮವರು ಬೆಳಿಗ್ಗೆ ಲೋಕಲ್ ಹಿಡಿದು ಬಂದು, ಕೀಮೊ ಹಾಕಿಸಿಕೊಂಡು, ಸಂಜೆಯ ನೂಕುನುಗ್ಗಲಿಗೆ ಮೊದಲೇ ಮನೆ ಸೇರಲು ನೋಡುತ್ತಾರೆ. ಏನು ತಿನ್ನಬೇಕು, ರಕ್ತ ಪರೀಕ್ಷೆ ಯಾವತ್ತು, ಜ್ವರ ಎಷ್ಟಾದರೆ ಓಡಿ ಬರಬೇಕು ಎನ್ನುವುದನ್ನೆಲ್ಲ ಕೇಳಿ ತಿಳಿದುಕೊಂಡಿರುತ್ತಾರೆ. ನಾವಿಬ್ಬರೂ ಮತ್ತೆ ಗಂಡ ಹೆಂಡತಿಯಂತೆ ಇರಬಹುದೇ, ಯಾವಾಗಿನಿಂದ, ನೋವಾದರೆ ಏನು ಮಾಡುವುದು ಎಂಬುದನ್ನು ಮಾತ್ರ ಕೇಳಿರುವುದಿಲ್ಲ. ಮದುವೆಯಾಗದವರು ಇದನ್ನು ಯಾರ ಹತ್ತಿರವೂ ಎತ್ತುವುದೇ ಇಲ್ಲ.

ಕೇಳದೇ ಇರುವುದರಿಂದ ಕಾರಣವಿರುವ ತೊಂದರೆಯೂ ಹಣೆಬರಹವಾಗಿ ಕಾಣುತ್ತದೆ. ‘ನನಗೆ ಆಸೆಯೇ ಸತ್ತುಹೋಗಿದೆ’, ‘ಅವರಿಗೆ ನನ್ನ ಮೇಲೆ ಮನಸ್ಸಿಲ್ಲ’ ಎಂಬ ಮಾತುಗಳ ಹಿಂದೆ ಬಹಳ ಸಲ ಇರುವುದು ತೆಳುವಾಗಿ ಒಣಗಿದ ಒಳಪೊರೆ, ಇಳಿದುಹೋದ ಹಾರ್ಮೋನು, ಪೆಟ್ಟು ತಿಂದ ನರ ಅಥವಾ ದಿನವೂ ನುಂಗುತ್ತಿರುವ ಒಂದು ಮಾತ್ರೆ. ಇವುಗಳಲ್ಲಿ ಹೆಚ್ಚಿನವಕ್ಕೆ ಮಾಡಬಹುದಾದದ್ದು ಇದೆ. ಪ್ರೀತಿ ಕಡಿಮೆಯಾಯಿತು ಎಂಬ ತೀರ್ಮಾನಕ್ಕೆ ಬರುವ ಮೊದಲು ದೇಹದಲ್ಲಿ ಏನಾಗಿದೆ ಎಂದು ನೋಡಬೇಕು.

ಮೊದಲು ಚಿಕಿತ್ಸೆ ನಡೆಯುತ್ತಿರುವ ದಿನಗಳ ಮಾತು. ಕ್ಯಾನ್ಸರ್ ಅಂಟುರೋಗವಲ್ಲ. ಮುತ್ತಿನಿಂದಾಗಲಿ, ಎಂಜಲಿನಿಂದಾಗಲಿ, ಕೂಡುವುದರಿಂದಾಗಲಿ ಅದು ಸಂಗಾತಿಗೆ ಬರುವುದಿಲ್ಲ. ಹಾಸಿಗೆ, ತಟ್ಟೆ ಬೇರೆ ಮಾಡಬೇಕಾಗಿಲ್ಲ. ಆದರೆ ಕೀಮೊ ಔಷಧದ ಅಂಶ ಡೋಸ್ ಆದ ನಂತರ 48ರಿಂದ 72 ಗಂಟೆ, ಕೆಲವು ಔಷಧಗಳಲ್ಲಿ ಇನ್ನೂ ಹೆಚ್ಚು ಕಾಲ, ವೀರ್ಯದಲ್ಲೂ ಯೋನಿಯ ದ್ರವದಲ್ಲೂ ಇರುತ್ತದೆ. ಹಾಗಾಗಿ ಒಂದು ವಾರ ಕಾಂಡೋಮ್ ಬೇಕು ಎಂದು ಅನೇಕ ಕಡೆ ಹೇಳುತ್ತಾರೆ. ದಿನ ಲೆಕ್ಕ ಹಾಕುವುದಕ್ಕಿಂತ ಚಿಕಿತ್ಸೆ ಮುಗಿಯುವವರೆಗೂ ಪ್ರತಿ ಸಲ ಬಳಸುವುದೇ ಸುಲಭ. ಬಾಯಿಯಿಂದ ಮಾಡುವುದಕ್ಕೂ ಇದೇ ನಿಯಮ.

ಇನ್ನೊಂದು ನೋಡಬೇಕಾದದ್ದು ರಕ್ತದ ರಿಪೋರ್ಟು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿದ್ದರೆ ಸಣ್ಣ ಉಜ್ಜುವಿಕೆಯಿಂದಲೂ ಒಳಗೆ ರಕ್ತ ಒಸರಬಹುದು. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ನ್ಯೂಟ್ರೋಫಿಲ್ 1,000ಕ್ಕಿಂತ ಕಡಿಮೆಯಿದ್ದರೆ ಚಿಕ್ಕ ಗೀರಿನಿಂದಲೂ ಸೋಂಕು ಹತ್ತಬಹುದು. ಆ ದಿನಗಳಲ್ಲಿ ಒಳಪ್ರವೇಶ ಬೇಡ. ತಬ್ಬಿಕೊಳ್ಳುವುದಕ್ಕೆ, ಮೈ ಸವರುವುದಕ್ಕೆ ಅಡ್ಡಿಯಿಲ್ಲ. ಮೂರು ವಾರಕ್ಕೊಮ್ಮೆ ಕೊಡುವ ಹೆಚ್ಚಿನ ಕೀಮೊಗಳಲ್ಲಿ ಈ ಎಣಿಕೆ ತೀರ ಕೆಳಗಿಳಿಯುವುದು 7ರಿಂದ 14ನೇ ದಿನದ ನಡುವೆ. ಮೂರನೆಯ ವಾರದಲ್ಲಿ ಅದು ಮೇಲೆ ಬರುತ್ತದೆ, ಬಾಯಿಹುಣ್ಣು ಮಾಗುತ್ತದೆ, ಸುಸ್ತು ಸ್ವಲ್ಪ ಇಳಿಯುತ್ತದೆ. ಇಬ್ಬರಿಗೂ ಮನಸ್ಸಿದ್ದರೆ ಮುಂದಿನ ಡೋಸಿಗೆ ಮೊದಲಿನ ಆ ನಾಲ್ಕೈದು ದಿನಗಳೇ ಹೆಚ್ಚು ಅನುಕೂಲದವು. ಔಷಧ ಹಾಕಲೆಂದು ತೋಳಿನಲ್ಲಿ ಪಿಕ್ ಲೈನ್ ಎಂಬ ಕೊಳವೆ, ಎದೆಯ ಮೇಲೆ ಕೀಮೊ ಪೋರ್ಟ್ ಇರುವವರು ಆ ಬದಿಗೆ ಭಾರ ಬೀಳದಂತೆ ಮಲಗಬೇಕು.

ಬಸಿರಿನ ವಿಷಯದಲ್ಲಿ ತಪ್ಪು ತಿಳುವಳಿಕೆ ಬಹಳ. ‘ಮುಟ್ಟು ನಿಂತಿದೆ, ಇನ್ನೇನಾಗುತ್ತದೆ’ ಎಂದು ನಂಬಿ ಎಚ್ಚರ ಬಿಡುತ್ತಾರೆ. ಕೀಮೊದಿಂದ ಮುಟ್ಟು ನಿಂತರೂ ಎಲ್ಲೋ ಒಂದು ತಿಂಗಳು ಅಂಡಾಣು ಬಿಡುಗಡೆಯಾಗಬಹುದು, ಮುಟ್ಟು ಕಾಣುವ ಮೊದಲೇ ಗರ್ಭ ನಿಲ್ಲಬಹುದು. ಮುಟ್ಟು ತಿರುಗಿ ಬಂದಿತೆಂದ ಮಾತ್ರಕ್ಕೆ ಅಂಡಾಶಯ ಮೊದಲಿನಂತಿದೆ ಎಂದೂ ಅಲ್ಲ. ಜೀವಕೋಶದ ಡಿಎನ್‌ಎಗೆ ಪೆಟ್ಟು ಕೊಡುವ ಕೀಮೊ ಆದರೆ, ಕೊನೆಯ ಡೋಸಿನ ನಂತರ ಹೆಂಗಸರಿಗೆ 6 ತಿಂಗಳು, ಗಂಡಸರಿಗೆ 3 ತಿಂಗಳು ಗರ್ಭನಿರೋಧ ಬೇಕು ಎಂಬುದು ಸಾಮಾನ್ಯ ಲೆಕ್ಕ. ಕೆಲವು ಬಗೆಯ ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮಾಬ್ ತೆಗೆದುಕೊಂಡವರಿಗೆ 7 ತಿಂಗಳು. ಹಾರ್ಮೋನ್ ಪಾಸಿಟಿವ್, ಅಂದರೆ ಹಾರ್ಮೋನಿನಿಂದ ಬೆಳೆಯುವ, ಸ್ತನ ಕ್ಯಾನ್ಸರ್ ಇದ್ದವರು ಗರ್ಭನಿರೋಧಕ ಗುಳಿಗೆ, ಹಾರ್ಮೋನ್ ಇಂಜೆಕ್ಷನ್ ಬಿಟ್ಟು ಕಾಂಡೋಮ್ ಅಥವಾ ಕಾಪರ್-ಟಿಯನ್ನೇ ಆರಿಸಿಕೊಳ್ಳಬೇಕು.

ಮಕ್ಕಳ ಪ್ರಶ್ನೆ ಎತ್ತಬೇಕಾದ ಸಮಯ ಮೊದಲ ಕೀಮೊಗೆ ಮುಂಚೆ. ಡಯಾಗ್ನೋಸಿಸ್ ಕೇಳಿದ ಗಾಬರಿಯಲ್ಲಿ ಮನೆಯವರು ‘ಮೊದಲು ಜೀವ ಉಳಿಯಲಿ’ ಎಂದುಬಿಡುತ್ತಾರೆ. ಆ ಮಾತಿನಲ್ಲಿ ಪ್ರೀತಿಯಿದೆ, ಆದರೆ ಎರಡರಲ್ಲಿ ಒಂದನ್ನೇ ಆರಿಸುವ ಸ್ಥಿತಿ ಎಷ್ಟೋ ಸಲ ಇರುವುದೇ ಇಲ್ಲ. ಗಂಡಸರ ವೀರ್ಯ ಕೂಡಿಡಲು ಒಂದು ದಿನ ಸಾಕು. ಎರಡು ಮೂರು ದಿನದ ಅಂತರ ಕೊಟ್ಟು ಎರಡು ಮೂರು ಸ್ಯಾಂಪಲ್ ಕೊಟ್ಟರೆ ಒಳ್ಳೆಯದು. ನಾಳೆಯೇ ಕೀಮೊ ಎಂದರೆ ಇವತ್ತು ಒಂದೇ ಕೊಟ್ಟರೂ ನಡೆಯುತ್ತದೆ, ಏಕೆಂದರೆ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುವ ಇಕ್ಸಿ ವಿಧಾನದಲ್ಲಿ ಒಂದು ಅಂಡಾಣುವಿಗೆ ಒಂದೇ ವೀರ್ಯಾಣು ಸಾಕು. ಮನೆಯಲ್ಲಿ ತೆಗೆದದ್ದಾದರೆ ಒಂದು ಗಂಟೆಯೊಳಗೆ ಮೈಯ ಬಿಸಿಯಲ್ಲೇ ಲ್ಯಾಬ್ ಮುಟ್ಟಬೇಕು. ಮುಂಬಯಿಯ ಟ್ರಾಫಿಕ್ಕಿನಲ್ಲಿ ಆ ಲೆಕ್ಕ ನಂಬಬೇಡಿ, ಲ್ಯಾಬಿನಲ್ಲೇ ಕೊಡಿ. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಅದು ವರ್ಷಗಟ್ಟಲೆ ಕೆಡದೆ ಇರುತ್ತದೆ.

ಹೆಂಗಸರ ಅಂಡಾಣು ತೆಗೆಯಲು ಇಂಜೆಕ್ಷನ್ ಕೊಟ್ಟು 10ರಿಂದ 14 ದಿನ ಬೇಕು. ಮುಟ್ಟು ಬರಲಿ ಎಂದು ಕಾಯಬೇಕಾಗಿಲ್ಲ, ತಿಂಗಳ ಯಾವ ದಿನದಿಂದಲಾದರೂ ಶುರುಮಾಡಬಹುದು. ಸ್ತನ ಕ್ಯಾನ್ಸರ್ ಇದ್ದರೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಏರದಂತೆ ಜೊತೆಗೆ ಲೆಟ್ರೊಜೋಲ್ ಮಾತ್ರೆ ಕೊಡುತ್ತಾರೆ. ಅಷ್ಟು ಸಮಯವಿಲ್ಲದಿದ್ದರೆ ಅಂಡಾಶಯದ ತುಣುಕನ್ನೇ ತೆಗೆದು ಶೈತ್ಯದಲ್ಲಿಡುವ ದಾರಿ ಕೆಲವು ಕಡೆ ಇದೆ. ಕಿಬ್ಬೊಟ್ಟೆಗೆ ರೇಡಿಯೇಷನ್, ಊರ ಕಡೆ ಹೇಳುವಂತೆ ‘ಕರೆಂಟ್’, ಕೊಡುವುದಿದ್ದರೆ ಅಂಡಾಶಯಗಳನ್ನು ಆಪರೇಷನ್ನಿನಲ್ಲಿ ಮೇಲಕ್ಕೆ ಸರಿಸಿ ಕಟ್ಟುವುದೂ ಉಂಟು. ಸ್ತನ ಕ್ಯಾನ್ಸರಿನಲ್ಲಿ ಕೀಮೊಗೆ ಒಂದು ವಾರ ಮೊದಲಿನಿಂದ 28 ದಿನಕ್ಕೊಂದರಂತೆ, ಅಂಡಾಶಯದ ಕೆಲಸವನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಗೊಸೆರೆಲಿನ್ 3.6 ಮಿ.ಗ್ರಾಂ. ಇಂಜೆಕ್ಷನ್ ಕೊಟ್ಟರೆ ಅಂಡಾಶಯಕ್ಕೆ ಸ್ವಲ್ಪ ರಕ್ಷಣೆ ಸಿಗುತ್ತದೆ. ಆದರೆ ಅದು ಅಂಡಾಣು ಕೂಡಿಡುವುದಕ್ಕೆ ಬದಲಿಯಲ್ಲ.

2021ರ ನೆರವಿನ ಸಂತಾನೋತ್ಪತ್ತಿ ಕಾಯ್ದೆಯ ಪ್ರಕಾರ ವೀರ್ಯ, ಅಂಡಾಣು, ಭ್ರೂಣಗಳನ್ನು ಇಡಬಹುದಾದ ಅವಧಿ 10 ವರ್ಷ. ಇಲ್ಲಿ ಎಡವುವುದು ಸಣ್ಣ ಕಾರಣಕ್ಕೆ: ಚಿಕಿತ್ಸೆ ಮುಗಿಸಿ ಊರಿಗೆ ಹೋದವರ ಫೋನ್ ನಂಬರ್ ಬದಲಾಗುತ್ತದೆ, ವರ್ಷದ ಶುಲ್ಕದ ಸೂಚನೆ ತಲುಪುವುದಿಲ್ಲ, ಹಣ ಕಟ್ಟುವುದು ತಪ್ಪಿಹೋಗುತ್ತದೆ. ಊರಿನ ವಿಳಾಸವನ್ನೂ ಇನ್ನೊಬ್ಬರ ನಂಬರನ್ನೂ ಅಲ್ಲಿ ಬರೆಸಿಡಿ.

ಹಾರ್ಮೋನ್ ಪಾಸಿಟಿವ್ ಸ್ತನ ಕ್ಯಾನ್ಸರ್ ಮರುಕಳಿಸದಂತೆ ಟ್ಯಾಮೊಕ್ಸಿಫೆನ್‌ನಂಥ ಮಾತ್ರೆ 5ರಿಂದ 10 ವರ್ಷ ನುಂಗಬೇಕಾದ ಹೆಂಗಸರು ‘ನಮ್ಮ ಕಥೆ ಮುಗಿಯಿತು’ ಎಂದುಕೊಳ್ಳುತ್ತಾರೆ. 2023ರಲ್ಲಿ ಪ್ರಕಟವಾದ ‘ಪಾಸಿಟಿವ್’ ಎಂಬ ಅಧ್ಯಯನದಲ್ಲಿ, 42 ವರ್ಷ ಮೀರದ ಮಹಿಳೆಯರು 18ರಿಂದ 30 ತಿಂಗಳು ಮಾತ್ರೆ ತೆಗೆದುಕೊಂಡ ಮೇಲೆ, ಬಸಿರಿಗಾಗಿ 2 ವರ್ಷದವರೆಗೆ ಅದನ್ನು ನಿಲ್ಲಿಸಿದರು. ಮೊದಲ ಕೆಲವು ವರ್ಷಗಳ ಲೆಕ್ಕದಲ್ಲಿ ಅದರಿಂದ ರೋಗ ಮರುಕಳಿಸುವುದು ಹೆಚ್ಚಾಗಲಿಲ್ಲ. ನಿಲ್ಲಿಸಿದ ಮೇಲೆ ಔಷಧ ಮೈಯಿಂದ ಹೋಗಲೆಂದು 3 ತಿಂಗಳು ಬಿಟ್ಟರು. ಇದು ಡಾಕ್ಟರ ಜೊತೆ ಕೂತು ತೀರ್ಮಾನಿಸುವ ಸಂಗತಿ. ತಾನಾಗಿ ಮಾತ್ರೆ ಬಿಡುವುದು ಅಪಾಯ.

ಈಗ ನೋವಿಗೆ ಬರೋಣ. ಹೆಂಗಸರಲ್ಲಿ ಹೆಚ್ಚಿನ ಸಂಬಂಧಗಳು ಇಲ್ಲಿ ತೊಡಕಾಗುತ್ತವೆ. ಕೀಮೊ, ರೇಡಿಯೇಷನ್ ಅಥವಾ ಹಾರ್ಮೋನ್ ತಡೆಯುವ ಔಷಧದಿಂದ ಈಸ್ಟ್ರೋಜನ್ ಇಳಿದಾಗ ಯೋನಿಯ ಒಳಪೊರೆ ತೆಳ್ಳಗಾಗಿ, ಹಿಗ್ಗುವ ಗುಣ ಕಳೆದುಕೊಂಡು ಒಣಗುತ್ತದೆ. ಇಪ್ಪತ್ತಾರು ವರ್ಷದ ದೇಹದಲ್ಲಿ ಐವತ್ತೈದರ ಪೊರೆ. ಮೊದಲ ಪ್ರಯತ್ನದಲ್ಲೇ ಉರಿ, ಗೀರು, ಒಂದೆರಡು ಹನಿ ರಕ್ತ. ಎರಡನೆಯ ಸಲ ನೋವು ಬರುತ್ತದೆಂಬ ಹೆದರಿಕೆಗೇ ಒಳಗಿನ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ಬಿಗಿದುದರಿಂದ ಇನ್ನೂ ನೋವು. ನಾಲ್ಕನೆಯ ಸಲಕ್ಕೆ ಹೆಂಡತಿ ಬೇಗ ಮಲಗಿಬಿಡುತ್ತಾಳೆ, ಗಂಡ ಮೊಬೈಲ್ ಹಿಡಿದು ಕೂರುತ್ತಾನೆ. ಇಬ್ಬರೂ ಇದನ್ನು ಮನಸ್ಸಿನ ದೋಷ ಎಂದು ತಿಳಿಯುತ್ತಾರೆ.

ಇದಕ್ಕೆ ಬೇಕಾದವು ಎರಡು ಬೇರೆ ಬೇರೆ ವಸ್ತುಗಳು, ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಒಂದು ಯೋನಿಯ ಮಾಯಿಶ್ಚರೈಸರ್: ಹೈಲುರಾನಿಕ್ ಆಮ್ಲ ಅಥವಾ ಪಾಲಿಕಾರ್ಬೊಫಿಲ್ ಇರುವ ಜೆಲ್. ಕೂಡುವುದಿರಲಿ ಬಿಡಲಿ, ವಾರಕ್ಕೆ ಮೂರು ಸಲ, ಬಹಳ ಒಣಗಿದ್ದರೆ ಐದು ಸಲ, ರಾತ್ರಿ ಮಲಗುವಾಗ ಒಳಗೂ ಯೋನಿಯ ಬಾಗಿಲಿನ ಸುತ್ತಲೂ ಹಚ್ಚಬೇಕು. ಒಂದು ರಾತ್ರಿಯಲ್ಲಿ ಏನೂ ಆಗುವುದಿಲ್ಲ, ಆರೆಂಟು ವಾರ ಹಿಡಿಯುತ್ತದೆ. ಇನ್ನೊಂದು ಲೂಬ್ರಿಕೆಂಟ್, ಆ ಹೊತ್ತಿಗೆ ಹಚ್ಚುವ ಜಾರುಕ. ಅರ್ಧ ಚಮಚದಷ್ಟು ತೆಗೆದುಕೊಂಡು ಬಾಗಿಲಿಗೂ ಸ್ವಲ್ಪ ಒಳಗೂ ಗಂಡಿನ ಅಂಗಕ್ಕೂ ಹಚ್ಚಿ. ನೀರಿನ ಆಧಾರದ್ದು ಹತ್ತು ನಿಮಿಷದಲ್ಲಿ ಒಣಗಬಹುದು, ಮತ್ತೆ ಹಚ್ಚಬೇಕು. ಸಿಲಿಕೋನ್ ಆಧಾರದ್ದು ಹೆಚ್ಚು ಹೊತ್ತು ನಿಲ್ಲುತ್ತದೆ. ಎರಡೂ ಕಾಂಡೋಮ್ ಜೊತೆ ಸರಿಹೋಗುತ್ತವೆ.

ಕರಾವಳಿಯಿಂದ ಬಂದ ಮನೆಗಳಲ್ಲಿ ಕೈಗೆ ಮೊದಲು ಸಿಗುವುದು ತೆಂಗಿನೆಣ್ಣೆ. ಕಾಂಡೋಮ್ ಬಳಸುತ್ತಿರುವ ತಿಂಗಳುಗಳಲ್ಲಿ ಅದು ಬೇಡವೇ ಬೇಡ. ಯಾವುದೇ ಎಣ್ಣೆ, ವ್ಯಾಸಲೀನ್, ಬಾಡಿ ಲೋಷನ್ ಲೇಟೆಕ್ಸನ್ನು ನಿಮಿಷಗಳಲ್ಲೇ ದುರ್ಬಲ ಮಾಡುತ್ತದೆ, ಕಾಂಡೋಮ್ ಹರಿಯುತ್ತದೆ. ‘ಬಿಸಿ ಕೊಡುವ’, ‘ತಂಪು ಕೊಡುವ’, ಹಣ್ಣಿನ ವಾಸನೆಯ ಜೆಲ್‌ಗಳೂ ಈ ಪೊರೆಗೆ ಆಗುವುದಿಲ್ಲ. ಡಬ್ಬಿಯ ಮೇಲೆ ಆಸ್ಮೊಲಾಲಿಟಿ (ಜೆಲ್‌ನ ಸಾಂದ್ರತೆಯ ಅಳತೆ) ಬರೆದಿದ್ದರೆ 1,200 ಮೀರದಂತಿರಲಿ, ಪಿಎಚ್ (ಹುಳಿಯ ಅಳತೆ) 3.8ರಿಂದ 4.5ರ ಹತ್ತಿರವಿರಲಿ, ಗ್ಲಿಸರಿನ್ ಹೆಚ್ಚಿರುವ ಜೆಲ್ ಪೊರೆಯೊಳಗಿನ ನೀರನ್ನೇ ಹೀರುತ್ತದೆ. ಸೋಪು, ಆಂಟಿಸೆಪ್ಟಿಕ್ ದ್ರಾವಣ, ಪರಿಮಳದ ‘ವಾಶ್’ ಹಾಕಿ ಒಳಗೆ ತೊಳೆಯುವುದನ್ನು ಇವತ್ತೇ ನಿಲ್ಲಿಸಿ. ಹೊರಗೆ ಬರೀ ನೀರು ಸಾಕು.

ಜಾರುಕ ಹಚ್ಚಿದ ಮೇಲೂ ಬಾಗಿಲಲ್ಲೇ ಚುಚ್ಚುವ ನೋವಿದ್ದರೆ, ಮರಗಟ್ಟಿಸುವ 4% ಲಿಗ್ನೊಕೇನ್ ದ್ರವದಲ್ಲಿ ಹತ್ತಿ ಅದ್ದಿ ಆ ಜಾಗದಲ್ಲಿ 3 ನಿಮಿಷ ಹಿಡಿದು, ಒರೆಸಿ, ಆಮೇಲೆ ಮುಂದುವರಿಯುವ ವಿಧಾನ ಇದೆ. ಸ್ತನ ಕ್ಯಾನ್ಸರ್ ಗುಣವಾದ ಮಹಿಳೆಯರಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ, ನೋವು ಚೆನ್ನಾಗಿ ಇಳಿದಿದೆ. ಡಾಕ್ಟರು ಒಮ್ಮೆ ನೋಡಿ ಹೇಳಿದ ಮೇಲೆ ಬಳಸಿ. ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮು ಇನ್ನೂ ಒಳ್ಳೆಯ ಮದ್ದು, ಲಿಂಫೋಮಾ, ಲ್ಯುಕೇಮಿಯಾದಂಥ ರಕ್ತದ ಕ್ಯಾನ್ಸರ್ ಗುಣವಾದವರಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಹಾರ್ಮೋನ್ ಪಾಸಿಟಿವ್ ಸ್ತನ ಕ್ಯಾನ್ಸರ್ ಇದ್ದವರು, ಅದರಲ್ಲೂ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ತೆಗೆದುಕೊಳ್ಳುವವರು, ಆಂಕಾಲಜಿಸ್ಟ್ (ಕ್ಯಾನ್ಸರ್ ಡಾಕ್ಟರು) ಒಪ್ಪಿಗೆ ಇಲ್ಲದೆ ಮುಟ್ಟಬಾರದು. ನಾಲ್ಕು ತಿಂಗಳಿಂದ ಮುಟ್ಟಿಲ್ಲದೆ, ರಕ್ತ ಪರೀಕ್ಷೆಯಲ್ಲಿ ಎಫ್‌ಎಸ್‌ಎಚ್ ಎಂಬ ಹಾರ್ಮೋನು 25ಕ್ಕಿಂತ ಮೇಲಿದ್ದರೆ ಅಂಡಾಶಯ ಅಕಾಲದಲ್ಲಿ ಸೋತಿದೆ ಎಂದರ್ಥ. ಅಂಥ ಎಳೆಯ ಹೆಂಗಸಿಗೆ, ಹಾರ್ಮೋನಿನಿಂದ ಬೆಳೆಯುವ ಕ್ಯಾನ್ಸರ್ ಅಲ್ಲದಿದ್ದರೆ, ಸುಮಾರು 50 ವರ್ಷದವರೆಗೆ ಹಾರ್ಮೋನ್ ಕೊಡುವುದು ಎಲುಬಿಗೂ ಹೃದಯಕ್ಕೂ ಬೇಕಾದ ಚಿಕಿತ್ಸೆ. ಇದನ್ನು ಶೋಕಿ ಎಂದು ಮುಂದೂಡುವುದನ್ನು ನೋಡಿದರೆ ಸಂಕಟವಾಗುತ್ತದೆ.

ಗರ್ಭಕಂಠದ ಅಥವಾ ಗುದನಾಳದ ಕ್ಯಾನ್ಸರಿಗೆ ರೇಡಿಯೇಷನ್ ಪಡೆದವರಿಗೆ ಒಣಗುವುದರ ಜೊತೆಗೆ ಇನ್ನೊಂದು ತೊಂದರೆ: ಯೋನಿಯ ಗೋಡೆಗಳು ಒಂದಕ್ಕೊಂದು ಅಂಟಿ, ಕಲೆಗಟ್ಟಿ, ದಾರಿ ಕಿರಿದೂ ಗಿಡ್ಡವೂ ಆಗುತ್ತದೆ. ಮೊದಲ ವರ್ಷದಲ್ಲೇ ಇದು ಹೆಚ್ಚು. ತಡೆಯಲು ಡೈಲೇಟರ್ ಬಳಸುತ್ತಾರೆ, ಪ್ಲಾಸ್ಟಿಕ್ ಅಥವಾ ಸಿಲಿಕೋನಿನ ನುಣ್ಣನೆಯ ಕೊಳವೆ, ಸಣ್ಣದರಿಂದ ದೊಡ್ಡದಕ್ಕೆ ಮೂರು ನಾಲ್ಕು ಅಳತೆಗಳಲ್ಲಿ. ಗಂಡನಿದ್ದರೂ ಇಲ್ಲದಿದ್ದರೂ ಇದು ಬೇಕು, ಏಕೆಂದರೆ ದಾರಿ ಮುಚ್ಚಿದರೆ ಮುಂದೆ ಡಾಕ್ಟರು ಒಳಗೆ ಪರೀಕ್ಷೆ ಮಾಡಿ ರೋಗ ತಿರುಗಿ ಬಂದಿದೆಯೇ ಎಂದು ನೋಡುವುದೂ ಕಷ್ಟವಾಗುತ್ತದೆ. ಈ ಕಾರಣವನ್ನು ಮೊದಲು ಹೇಳಿದರೆ ಅತ್ತೆಯಂದಿರೂ ಸುಮ್ಮನೆ ಒಪ್ಪುತ್ತಾರೆ.

ಶುರುಮಾಡುವುದು ರೇಡಿಯೇಷನ್ ಮುಗಿದು ಸುಮಾರು 4 ವಾರಕ್ಕೆ, ಒಳಗಿನ ಹುಣ್ಣು ಮಾಗಿದೆ ಎಂದು ಡಾಕ್ಟರು ನೋಡಿ ಹೇಳಿದ ಮೇಲೆ. ಮೂತ್ರ ಮಾಡಿ ಬಂದು, ಕೈ ತೊಳೆದು, ಅಂಗಾತ ಮಲಗಿ ಮೊಣಕಾಲು ಮಡಚಿ ಅಗಲಿಸಿ. ಅತಿ ಸಣ್ಣ ಅಳತೆಯದರ ತುದಿಗೂ ಬಾಗಿಲಿಗೂ ಧಾರಾಳ ಜೆಲ್ ಹಚ್ಚಿ. ಉಸಿರು ನಿಧಾನವಾಗಿ ಒಳಗೆ ತೆಗೆದುಕೊಂಡು, ಬಿಡುವಾಗ ಮೂತ್ರ ಬಿಡುವಂತೆ ಕೆಳಗಿನ ಸ್ನಾಯು ಸಡಿಲಿಸಿ, ಆಗಲೇ ಬೆನ್ನಿನ ಕೆಳಭಾಗದ ದಿಕ್ಕಿಗೆ ಓರೆಯಾಗಿ ಒಳಗೆ ನೂಕಿ. ತಡೆ ಸಿಕ್ಕಲ್ಲಿ ನಿಲ್ಲಿಸಿ, ಇನ್ನೆರಡು ಉಸಿರು, ಮತ್ತೆ ಸ್ವಲ್ಪ. ಬಿಗಿತ ಅನಿಸಬೇಕು, ಚುಚ್ಚಿದಂತೆ ನೋಯಬಾರದು. ಐದು ನಿಮಿಷ, ಹೆಚ್ಚೆಂದರೆ ಹತ್ತು ನಿಮಿಷ ಇರಲಿ. ನಡುನಡುವೆ ಮೆಲ್ಲಗೆ ತಿರುಗಿಸಿ, ಹಿಂದೆ ಮುಂದೆ ಮಾಡಿ. ತೆಗೆಯುವಾಗಲೂ ತಿರುಗಿಸುತ್ತಲೇ ತೆಗೆಯಿರಿ. ವಾರಕ್ಕೆ ಎರಡು ಮೂರು ಸಲ. ಒಂದು ಅಳತೆ ಎರಡು ವಾರ ಸಲೀಸಾದ ಮೇಲೆ ಮುಂದಿನದು. ಮೊದಲ ಒಂದು ವರ್ಷ ಬಿಡದೆ, ಆಮೇಲೆ ಡಾಕ್ಟರು ಹೇಳಿದಷ್ಟು ಕಾಲ. ವಾರಕ್ಕೆ ಎರಡು ಸಲ ನೋವಿಲ್ಲದೆ ಕೂಡುತ್ತಿದ್ದರೆ ಡೈಲೇಟರ್ ಕಡಿಮೆ ಮಾಡಬಹುದು.

ಕೆಡುವುದು ಎಲ್ಲಿ? ಹಬ್ಬಕ್ಕೋ ಮದುವೆಗೋ ಊರಿಗೆ ಹೋದವರು ಒಂದು ತಿಂಗಳು ಬಿಟ್ಟುಬಿಡುತ್ತಾರೆ, ಹಿಂದಿರುಗಿ ಹಳೆಯ ಅಳತೆಯನ್ನೇ ಜೋರು ಮಾಡಿ ತೂರಿಸುತ್ತಾರೆ, ಗಾಯವಾಗುತ್ತದೆ, ಹೆದರಿ ಪೂರ್ತಿ ಬಿಡುತ್ತಾರೆ. ಬಿಟ್ಟುಹೋದರೆ ಒಂದು ಅಳತೆ ಕೆಳಗಿಳಿದು ಶುರುಮಾಡಿ. ಕಾಟನ್ನಿನಲ್ಲಿ ಕಾಣುವಷ್ಟು ನಸುಗೆಂಪು ಸಹಜ, ಪ್ಯಾಡ್ ಒದ್ದೆಯಾಗುವ ರಕ್ತ, ದುರ್ವಾಸನೆ, ಜ್ವರ ಸಹಜವಲ್ಲ.

ಇದನ್ನೆಲ್ಲ ಮಾಡುವುದು ಎಲ್ಲಿ ಎಂಬುದು ಮುಂಬಯಿಯಲ್ಲಿ ನಿಜವಾದ ಪ್ರಶ್ನೆ. ಒಂದೇ ಖೋಲಿಯಲ್ಲಿ ಆರು ಜನ, ಚಾಳಿನ ಕೊನೆಯಲ್ಲಿ ಎಲ್ಲರಿಗೂ ಒಂದು ಸಂಡಾಸು. ಮಧ್ಯಾಹ್ನ ಮನೆಯವರು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಸಿಗುತ್ತದೆ. ಕೊಳವೆಯನ್ನು ಬಿಸಿನೀರು ಮತ್ತು ಸಾದಾ ಸೋಪಿನಲ್ಲಿ ಖೋಲಿಯ ಬಚ್ಚಲಲ್ಲೇ ತೊಳೆದು, ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ, ಹತ್ತಿಯ ಚೀಲದಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಒದ್ದೆಯಾಗಿ ಇಟ್ಟರೆ ಮುಂಬಯಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಮನೆಯ ಹಿರಿಯ ಹೆಂಗಸೊಬ್ಬರಿಗೆ ‘ಡಾಕ್ಟರು ಹೇಳಿದ ಒಳಗಿನ ವ್ಯಾಯಾಮ’ ಎಂದು ತಿಳಿಸಿಟ್ಟರೆ ಬಾಗಿಲು ತಟ್ಟುವವರಿರುವುದಿಲ್ಲ.

ಗರ್ಭಕಂಠದ ಕ್ಯಾನ್ಸರ್ ಎಂದರೆ ನಡತೆ ಕೆಟ್ಟದ್ದು ಎಂಬ ಪಿಸುಮಾತಿಗೆ ಒಂದು ಉತ್ತರ: ಅದಕ್ಕೆ ಕಾರಣವಾಗುವ ಎಚ್‌ಪಿವಿ ವೈರಸ್ ಮದುವೆಯಾಗಿ ಒಬ್ಬನೇ ಗಂಡನಿರುವವರಿಗೂ ಬರುವಷ್ಟು ಸಾಮಾನ್ಯ. ಸೋಂಕು ತಗಲಿ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಹೆಚ್ಚು ಬೇಕು, ಹಾಗಾಗಿ ಯಾರಿಂದ ಎಂದು ಹುಡುಕುವುದರಲ್ಲಿ ಅರ್ಥವಿಲ್ಲ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನ ಸರ್ವಾವ್ಯಾಕ್ ಲಸಿಕೆ 2023ರಲ್ಲಿ ಮಾರುಕಟ್ಟೆಗೆ ಬಂತು. ಅದು ಮನೆಯ ಹೆಣ್ಣುಮಕ್ಕಳಿಗೆ ಮುಂಚಿತ ರಕ್ಷಣೆ, ಬಂದ ರೋಗಕ್ಕೆ ಮದ್ದಲ್ಲ.

ಗಂಡಸರ ಮಾತು ಇನ್ನೂ ಗುಟ್ಟು. ವೃಷಣದ ಕ್ಯಾನ್ಸರಿನಲ್ಲಿ ಒಂದನ್ನು ತೆಗೆದರೂ ಉಳಿದದ್ದು ಆರೋಗ್ಯವಾಗಿದ್ದರೆ ಹಾರ್ಮೋನಿಗೂ ವೀರ್ಯಕ್ಕೂ ಸಾಮಾನ್ಯವಾಗಿ ಅದೇ ಸಾಕು. ಖಾಲಿ ಚೀಲ ಮನಸ್ಸನ್ನು ಕಾಡಿದರೆ ಸಿಲಿಕೋನಿನ ಕೃತಕ ವೃಷಣ ಇಡಬಹುದು. ಹೊಟ್ಟೆಯ ಹಿಂಭಾಗದ ಗ್ರಂಥಿ ತೆಗೆಯುವ ಆಪರೇಷನ್ ಆದವರಿಗೆ ಸುಖದ ಅನುಭವ ಮೊದಲಿನಂತೇ ಬಂದರೂ ವೀರ್ಯ ಹೊರಬರದೆ ಹೋಗಬಹುದು, ಏಕೆಂದರೆ ಅದನ್ನು ಮುಂದೆ ನೂಕುವ ನರಗಳಿಗೆ ಪೆಟ್ಟಾಗಿರುತ್ತದೆ. ಇದು ನಿಮಿರುವಿಕೆಯ ದೋಷವಲ್ಲ. ಮೊದಲೇ ಹೇಳದಿದ್ದರೆ ಗಂಡಸು ತಾನು ಮುಗಿದೇಹೋದೆ ಎಂದುಕೊಳ್ಳುತ್ತಾನೆ. ಆಪರೇಷನ್ನಿಗೆ ಮೊದಲು ‘ನರ ಉಳಿಸಲು ಆಗುತ್ತದೆಯೇ’ ಎಂದು ಕೇಳಿ.

ನಿಮಿರುವುದೇ ಕಷ್ಟವಾದರೆ ಮೊದಲು ರಕ್ತದಲ್ಲಿ ಟೆಸ್ಟೊಸ್ಟಿರಾನ್ ಎಂಬ ಗಂಡು ಹಾರ್ಮೋನ್ ನೋಡಿಸಿ, ಬೆಳಿಗ್ಗೆ 7ರಿಂದ 10ರೊಳಗೆ, ಎರಡು ಬೇರೆ ದಿನ. ಎರಡೂ ಸಲ 300ಕ್ಕಿಂತ (ng/dL ಲೆಕ್ಕದಲ್ಲಿ) ಕೆಳಗಿದ್ದರೆ ಚಿಕಿತ್ಸೆಯ ಮಾತು ಬರುತ್ತದೆ. ಮಕ್ಕಳು ಬೇಕೆನ್ನುವವರು ಇಲ್ಲಿ ಎಚ್ಚರ: ಹೊರಗಿನಿಂದ ಟೆಸ್ಟೊಸ್ಟಿರಾನ್ ಕೊಟ್ಟರೆ ವೀರ್ಯಾಣು ತಯಾರಿ ನಿಂತೇಹೋಗಬಹುದು. ಜಿಮ್ಮಿನಲ್ಲಿ ಸಿಗುವ ಇಂಜೆಕ್ಷನ್ನಿಗೂ ಇದೇ ಮಾತು. ನಿಮಿರುವಿಕೆಗೆ ನೆರವಾಗುವ ಸಿಲ್ಡೆನಾಫಿಲ್ 50 ಮಿ.ಗ್ರಾಂ. ಮಾತ್ರೆಯನ್ನು ಡಾಕ್ಟರು ಬರೆದುಕೊಟ್ಟಾಗ, ಒಂದು ಗಂಟೆ ಮೊದಲು, ಖಾಲಿ ಅಥವಾ ಹಗುರ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು. ಬಿರಿಯಾನಿ ತಿಂದು ನುಂಗಿದರೆ ತಡವಾಗುತ್ತದೆ. ಮಾತ್ರೆ ತಾನಾಗಿ ಏನನ್ನೂ ಮಾಡುವುದಿಲ್ಲ, ಸ್ಪರ್ಶ ಬೇಕು. ಒಂದೇ ಸಲಕ್ಕೆ ‘ಕೆಲಸ ಮಾಡಲಿಲ್ಲ’ ಎಂದು ಬಿಡಬೇಡಿ, ಆರೇಳು ಸಲ ಸರಿಯಾಗಿ ನೋಡಿ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಮುಟ್ಟಲೇಬಾರದು, ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಲೋಕಲ್ ಡಬ್ಬಿಯ ಗೋಡೆಗಳಿಗೆ ಅಂಟಿಸಿರುವ ‘ಗುಪ್ತರೋಗ’ದ ಚೀಟಿಗಳನ್ನು ನಂಬಿ ಹೋಗಬೇಡಿ. ಅಂಥ ಪುಡಿಗಳಲ್ಲಿ ಹೇಳದೆ ಬೆರೆಸಿದ ಇದೇ ಔಷಧವೋ ಭಾರಲೋಹವೋ ಇರಬಹುದು. ಸಿಸ್‌ಪ್ಲಾಟಿನ್ ಎಂಬ ಕೀಮೊ ತೆಗೆದುಕೊಂಡವರ ಮೂತ್ರಪಿಂಡ ಅದನ್ನು ತಡೆದುಕೊಳ್ಳುವುದಿಲ್ಲ.

ಯಾರೂ ಬರೆಯದ ಇನ್ನೊಂದು ಸಂಗತಿ ಬಾಯಿ. ಗುಟ್ಕಾ, ತಂಬಾಕಿನಿಂದ ಕೆನ್ನೆ, ನಾಲಿಗೆಯ ಕ್ಯಾನ್ಸರಾಗಿ ದವಡೆ ಕತ್ತರಿಸಿಕೊಂಡ ಮೂವತ್ತರ ಹುಡುಗರು ನಮ್ಮ ಕಡೆಯಿಂದ ಎಷ್ಟು ಜನ ಬರುತ್ತಾರೆ! ಅವರಿಗೆ ಕೆಳಗೆ ಏನೂ ಆಗಿಲ್ಲ, ಆದರೆ ಮುತ್ತು ಕೊಡುವುದು ನಿಂತಿದೆ. ರೇಡಿಯೇಷನ್ನಿನಿಂದ ಜೊಲ್ಲು ಒಣಗಿ ಬಾಯಿ ವಾಸನೆ ಬರುತ್ತದೆ, ತುಟಿಯ ಒಂದು ಬದಿಗೆ ಸ್ಪರ್ಶವಿಲ್ಲ, ಬಾಯಿ 35 ಮಿ.ಮೀ. ಕೂಡ ತೆರೆಯುವುದಿಲ್ಲ. ಒಂದು ಲೋಟ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿದರೆ ವಾಸನೆಯೂ ಅಂಟೂ ಕಡಿಮೆಯಾಗುತ್ತದೆ. ಮುತ್ತಿಗೆ ಮೊದಲು ಎರಡು ಗುಟುಕು ನೀರು. ದವಡೆ ತೆರೆಯುವ ವ್ಯಾಯಾಮ ದಿನಕ್ಕೆ ಐದಾರು ಸಲ, ಪ್ರತಿ ಸಲ ಕೆಲವು ನಿಮಿಷ. ಸ್ಪರ್ಶ ಉಳಿದಿರುವ ಬದಿ ಯಾವುದು ಎಂದು ಹೆಂಡತಿಗೆ ಬೆರಳಿಟ್ಟು ತೋರಿಸಿ.

ಸ್ತನ ತೆಗೆದವರಲ್ಲಿ ಎದೆಯ ಚರ್ಮ ಕೆಲವು ಕಡೆ ಮರಗಟ್ಟಿ, ಕೆಲವು ಕಡೆ ತಾಗಿದರೆ ಉರಿಯುವಂತಿರುತ್ತದೆ. ಬೆಳಕು ಕಡಿಮೆ ಮಾಡಿ, ಮೃದುವಾದ ಬನಿಯನ್ ಹಾಕಿಕೊಂಡೇ ಶುರುಮಾಡಿದರೂ ತಪ್ಪಿಲ್ಲ. ಕಂಕುಳಿನ ಗ್ರಂಥಿ ತೆಗೆದ ಬದಿಯ ಕೈ ಮೇಲೆ ಭಾರ ಬೀಳದಿರಲಿ. ಹೊಟ್ಟೆಯ ಮೇಲೆ ಮಲದ ಚೀಲ ಇರುವವರು ಮೊದಲೇ ಅದನ್ನು ಖಾಲಿ ಮಾಡಿ, ಅಂಚು ಬಿಟ್ಟಿದೆಯೇ ನೋಡಿ, ಬಟ್ಟೆಯ ಪಟ್ಟಿ ಕಟ್ಟಿಕೊಂಡರೆ ಅಲ್ಲಾಡುವುದಿಲ್ಲ. ಪಕ್ಕಕ್ಕೆ ಮಲಗುವುದು ಅನುಕೂಲ.

ಆಸೆಯೇ ಬರುತ್ತಿಲ್ಲ ಎಂದರೆ ಮಾತ್ರೆಗಳ ಪಟ್ಟಿ ತೆಗೆದು ನೋಡಿ. ಖಿನ್ನತೆಗೆ ಕೊಡುವ ಅನೇಕ ಮಾತ್ರೆಗಳು ಆಸೆಯನ್ನೂ ಸುಖದ ತುದಿಯನ್ನೂ ಕುಗ್ಗಿಸುತ್ತವೆ. ಪ್ಯಾರೊಕ್ಸೆಟಿನ್, ಫ್ಲುವೊಕ್ಸೆಟಿನ್ ಇವೆರಡು ಟ್ಯಾಮೊಕ್ಸಿಫೆನ್ ಮೈಯಲ್ಲಿ ಕೆಲಸಕ್ಕೆ ಬರುವ ರೂಪಕ್ಕೆ ಬದಲಾಗುವುದನ್ನೂ ತಡೆಯುತ್ತವೆ, ಹಾಗಾಗಿ ಆ ಜೋಡಿ ಬೇಡ. ವೆನ್ಲಾಫ್ಯಾಕ್ಸಿನ್‌ನಂಥ ಬದಲಿ ಇದೆ, ಮನೋವೈದ್ಯರನ್ನು ಕೇಳಿ. ಥೈರಾಯ್ಡ್, ಹಿಮೊಗ್ಲೋಬಿನ್ ಕೂಡ ನೋಡಿಸಿ. ಮಿಕ್ಕದ್ದಕ್ಕೆ ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಅಮೆರಿಕದ ಸಂಶೋಧಕರು ರೂಪಿಸಿದ ಸ್ಪರ್ಶದ ಅಭ್ಯಾಸ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ವಾರಕ್ಕೆ ಎರಡು ಸಲ, ಇಪ್ಪತ್ತು ನಿಮಿಷ. ಮೊದಲ ಎರಡು ವಾರ ಎದೆ ಮತ್ತು ಗುಪ್ತಾಂಗ ಮುಟ್ಟುವಂತಿಲ್ಲ, ಕೂಡುವಂತಿಲ್ಲ ಎಂದು ಇಬ್ಬರೂ ಮಾತಾಡಿಕೊಂಡಿರಬೇಕು. ಒಬ್ಬರು ಬೆನ್ನು, ಕಾಲು, ತಲೆ ಸವರುತ್ತಾರೆ, ಇನ್ನೊಬ್ಬರು ಎಲ್ಲಿ ಹಿತ, ಎಲ್ಲಿ ಬೇಡ ಎಂದಷ್ಟೇ ಹೇಳುತ್ತಾರೆ. ಆಮೇಲೆ ಸರದಿ ಬದಲು. ಮುಂದೇನೂ ನಡೆಯಬೇಕಿಲ್ಲ ಎಂದು ಗೊತ್ತಿರುವುದರಿಂದಲೇ ಬಿಗಿದ ಮೈ ಸಡಿಲಾಗುತ್ತದೆ. ಮೂರನೆಯ ವಾರದಿಂದ ಎಲ್ಲ ಕಡೆ ಸ್ಪರ್ಶ, ಇಬ್ಬರಿಗೂ ಧೈರ್ಯ ಬಂದ ಮೇಲೆ ಮಾತ್ರ ಕೂಡುವುದು. ಧರ್ಮಶಾಲೆಯ ಹಾಲ್‌ನಲ್ಲಿ ಇದರ ಮೊದಲ ಹೆಜ್ಜೆಯಷ್ಟು, ಅಂದರೆ ಕಾಲು ನೀವುವುದು, ತಲೆಗೆ ಎಣ್ಣೆ ಹಚ್ಚುವುದು, ಯಾರ ಕಣ್ಣಿಗೂ ಬೀಳದೆ ನಡೆಯುತ್ತದೆ.

ಮದುವೆ ಆಗಬೇಕಾದವರಿಗೆ ಕಾಡುವುದು ಹೇಳುವುದೋ ಬಿಡುವುದೋ ಎಂಬುದು. ನಮ್ಮ ಮಾತು ಸ್ಪಷ್ಟ: ನಿಶ್ಚಿತಾರ್ಥಕ್ಕೆ ಮೊದಲು ಹೇಳಬೇಕು, ಹುಡುಗ ಹುಡುಗಿಯೇ ಮುಖಾಮುಖಿ ಹೇಳಬೇಕು, ಸೋದರಮಾವನ ಕೈಲಿ ಹೇಳಿಸಬಾರದು. ಮುಖ್ಯ ಸಂಗತಿಯನ್ನು ಮೋಸದಿಂದ ಮುಚ್ಚಿಟ್ಟ ಮದುವೆಯನ್ನು, ಗೊತ್ತಾದ ಒಂದು ವರ್ಷದೊಳಗೆ ಅರ್ಜಿ ಹಾಕಿ ರದ್ದು ಮಾಡಿಸಲು ಹಿಂದೂ ವಿವಾಹ ಕಾಯ್ದೆಯ 12ನೇ ಕಲಮಿನಲ್ಲಿ ದಾರಿ ಇದೆ. ಮೊದಲ ಭೇಟಿಯಲ್ಲೇ ಎಲ್ಲವನ್ನೂ ಸುರಿಯಬೇಕಿಲ್ಲ. ಇಬ್ಬರಿಗೂ ಮನಸ್ಸು ಕೂಡುತ್ತಿದೆ ಅನಿಸಿದಾಗ, ಯಾವ ರೋಗ, ಯಾವ ವರ್ಷ ಚಿಕಿತ್ಸೆ ಮುಗಿಯಿತು, ಈಗ ಎಷ್ಟು ತಿಂಗಳಿಗೊಮ್ಮೆ ತಪಾಸಣೆ, ಮಕ್ಕಳ ವಿಷಯದಲ್ಲಿ ಡಾಕ್ಟರು ಏನಂದಿದ್ದಾರೆ ಎಂಬಷ್ಟನ್ನು ಹೇಳಿ, ಚಿಕಿತ್ಸೆಯ ಸಾರಾಂಶದ ಕಾಗದ ತೋರಿಸಿ. ‘ಮಕ್ಕಳಿಗೂ ಬರುತ್ತದಲ್ಲ’ ಎಂದು ಎದುರಿನವರು ಕೇಳಿಯೇ ಕೇಳುತ್ತಾರೆ. ಕ್ಯಾನ್ಸರುಗಳಲ್ಲಿ ವಂಶವಾಹಿಯಿಂದ ಬರುವವು 5ರಿಂದ 10% ಮಾತ್ರ. ಉಳಿದವರ ಮಕ್ಕಳಿಗೆ ಬೇರೆಯವರ ಮಕ್ಕಳಿಗಿಂತ ಹೆಚ್ಚಿನ ಅಪಾಯ ಕಂಡುಬಂದಿಲ್ಲ.

ಆಸ್ಪತ್ರೆಯಲ್ಲಿ ಇದನ್ನು ಕೇಳುವಾಗ ಭಾಷೆಯೇ ದೊಡ್ಡ ಅಡ್ಡಿ. ಮಾವನೋ ಅಣ್ಣನೋ ಹಿಂದಿಗೆ ತಿರುಗಿಸಿ ಹೇಳುವಾಗ ಯಾವ ಹೆಣ್ಣುಮಗಳು ಬಾಯಿ ಬಿಟ್ಟಾಳು? ಒಂದು ಸಾಲು ಬಾಯಿಪಾಠ ಮಾಡಿಕೊಳ್ಳಿ: ‘ಡಾಕ್ಟರ್ ಸಾಬ್, ಇಲಾಜ್ ಕೇ ಬಾದ್ ಪತಿ-ಪತ್ನೀ ಕೇ ಸಂಬಂಧ್ ಮೇಂ ತಕ್ಲೀಫ್ ಹೈ, ಅಕೇಲೇ ಮೇಂ ಬಾತ್ ಕರ್ನೀ ಹೈ.’ (ಚಿಕಿತ್ಸೆಯ ನಂತರ ಗಂಡ ಹೆಂಡತಿಯ ಸಂಬಂಧದಲ್ಲಿ ತೊಂದರೆಯಿದೆ, ಪ್ರತ್ಯೇಕವಾಗಿ ಮಾತಾಡಬೇಕು.) ಆಮೇಲೆ ಅವರೇ ಉಳಿದವರನ್ನು ಹೊರಗೆ ಕಳಿಸುತ್ತಾರೆ. ಓಪಿಡಿಯ ಗದ್ದಲದಲ್ಲಿ ಆಗದಿದ್ದರೆ ಮೆಡಿಕಲ್ ಸೋಶಿಯಲ್ ವರ್ಕರ್ ಬಳಿ ಹೋಗಿ, ಸ್ತ್ರೀರೋಗ ವಿಭಾಗಕ್ಕೋ ಯುರಾಲಜಿಗೋ ಮನೋವೈದ್ಯ ವಿಭಾಗಕ್ಕೋ ರೆಫರ್ ಚೀಟಿ ಕೇಳಿ. ಬಾಲ್ಯದಲ್ಲಿ ಕ್ಯಾನ್ಸರ್ ಗುಣವಾಗಿ ಈಗ ಮದುವೆಯ ವಯಸ್ಸಿಗೆ ಬಂದವರಿಗೆ ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 1991ರಿಂದ, ಚಿಕಿತ್ಸೆ ಮುಗಿದವರಿಗಾಗಿಯೇ ಇರುವ ಆಕ್ಟ್ ಕ್ಲಿನಿಕ್ ಎಂಬ ಪ್ರತ್ಯೇಕ ವಿಭಾಗವೇ ಇದೆ. ಹೋಗುವಾಗ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ನೋವು ಬಾಗಿಲಲ್ಲೋ ಆಳದಲ್ಲೋ, ಎಷ್ಟು ತಿಂಗಳಿಂದ, ರಕ್ತ ಬರುತ್ತದೆಯೇ, ಕೊನೆಯ ಮುಟ್ಟು ಯಾವಾಗ, ಗಂಡಸರಾದರೆ ಬೆಳಗಿನ ಜಾವ ತಾನಾಗಿ ನಿಮಿರುತ್ತದೆಯೇ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರು. ಕೂಡಿದ ಮೇಲೆ ಪದೇ ಪದೇ ರಕ್ತ, ಹೊಸ ಗಂಟು, ವಾಸನೆಯ ಸ್ರಾವ ಇದ್ದರೆ ಮುಂದಿನ ತಾರೀಖಿನವರೆಗೆ ಕಾಯದೆ ಹೋಗಿ ತೋರಿಸಿ.